ಬುಷ್ ಹೋಗಿದೆಯೋ, ಎಣ್ಣೆ ಒಣಗಿದೆಯೋ?

ಎಲ್‌ಪಿ ರೆಕಾರ್ಡಿನ ಲೆಕ್ಕ ಬಲು ಸಲೀಸು. ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು. ಅರವತ್ತರಿಂದ ಗುಣಿಸಿದರೆ ಗಂಟೆಗೆ ಸರಿಯಾಗಿ 2,000. ದಿನಕ್ಕೊಂದು ಗಂಟೆಯಂತೆ ಒಂದು ದಿನವೂ ತಪ್ಪಿಸದೆ ವರ್ಷವಿಡೀ ಕೇಳಿದರೆ 7,30,000 ಸುತ್ತು. ಕೇಳಲು ದೊಡ್ಡ ಸಂಖ್ಯೆ. ಆದರೆ ಕಾರಿನ ಎಂಜಿನ್ ನಿಮಿಷಕ್ಕೆ 2,000 ಸುತ್ತಿನಂತೆ ಓಡಿದರೆ ಇಷ್ಟನ್ನು ಆರು ಗಂಟೆ ಚಿಲ್ಲರೆಯಲ್ಲಿ ಮುಗಿಸುತ್ತದೆ. ಬೆಂಗಳೂರು ಬಿಟ್ಟು ಹುಬ್ಬಳ್ಳಿ ಸೇರುವಷ್ಟು ಹೊತ್ತು. ಟರ್ನ್‌ಟೇಬಲ್ಲಿನ ಒಂದು ವರ್ಷದ ದುಡಿಮೆ ಎಂಜಿನ್ನಿಗೆ ಒಂದು ಹಗಲಿನ ಪ್ರಯಾಣ.

ಇಷ್ಟು ಆರಾಮಿನ ನೌಕರಿಯಲ್ಲಿರುವ ಬೇರಿಂಗಿಗೆ ರೋಗ ಬರುವುದಾದರೂ ಹೇಗೆ? ಅದನ್ನು ಕಿತ್ತು ಇನ್ನೂ ಒಳ್ಳೆಯದನ್ನು ಹಾಕಿಸಬೇಕೆಂದು ಗೃಹಸ್ಥರು ನಿದ್ದೆಗೆಡುವುದೇಕೆ? ಹೈಫೈ ಹುಚ್ಚು ಹತ್ತದವರಿಗೆ ಇದು ಅರ್ಥವಾಗದ ಸಂಗತಿ. ಹತ್ತಿದವರ ಮನೆಯ ಉಳಿದವರಿಗಂತೂ ಅರ್ಥವಾಗುವ ಮಾತೇ ಇಲ್ಲ. ಫ್ಯಾನು, ಮಿಕ್ಸಿ, ನೀರಿನ ಪಂಪು, ಯಾವುದು ಕಿರುಗುಟ್ಟಿದರೂ ರಿಪೇರಿಯವರು ಕಿವಿಗೊಟ್ಟು ಕೇಳಿ ‘ಬುಷ್ ಹೋಗಿದೆ’ ಎಂದು ತೀರ್ಪು ಕೊಡುತ್ತಾರೆ. ಟರ್ನ್‌ಟೇಬಲ್ ಕಿರುಗುಟ್ಟುವುದೂ ಇಲ್ಲ. ಹೊರಗಿನಿಂದ ನೋಡಿದರೆ ತಟ್ಟೆ ಮೊದಲಿನಂತೆಯೇ ತಿರುಗುತ್ತಿರುತ್ತದೆ. ಹಾಡು ಮಾತ್ರ ಯಾಕೋ ಮಂಕಾಗಿದೆ ಎಂಬ ಅನುಮಾನ ಮನೆಯ ಒಬ್ಬರಿಗೆ ಶುರುವಾಗಿರುತ್ತದೆ.

ರೋಗದ ಜಾಗ ತಟ್ಟೆಯ ಹೊಟ್ಟೆಯ ಕೆಳಗಿದೆ. ರೆಕಾರ್ಡಿನ ನಡುವಿನ ತೂತಿನಿಂದ ಮೇಲೆ ಇಣುಕುವ ಕಡ್ಡಿ ಎಲ್ಲರಿಗೂ ಕಾಣುತ್ತದೆ. ತಟ್ಟೆಯ ಕೆಳಗೆ ಅದೇ ಕಡ್ಡಿ ದಪ್ಪವಾಗಿ ಇಳಿದು ಒಂದು ಲೋಹದ ಕೊಳವೆಯೊಳಗೆ ನಿಂತಿರುತ್ತದೆ. ಈ ಕೊಳವೆಗೆ ಹವ್ಯಾಸಿಗಳು ಬಾವಿ ಎನ್ನುತ್ತಾರೆ. ಬಾವಿಯ ಗೋಡೆಗೆ ಹಿತ್ತಾಳೆಯ ಇಲ್ಲವೇ ಕಂಚಿನ ಬುಷ್, ತಳದಲ್ಲಿ ಒಂದು ಬಿಲ್ಲೆ, ಬಿಲ್ಲೆಯ ಮೇಲೆ ಉಕ್ಕಿನ ಗುಂಡು ಅಥವಾ ಕಡ್ಡಿಯದೇ ಮೊನೆ, ಸುತ್ತಲೂ ಒಂದಿಷ್ಟು ಎಣ್ಣೆ. ಬುಷ್ಷಿನ ಕೆಲಸ ಕಡ್ಡಿ ಅತ್ತಿತ್ತ ವಾಲದಂತೆ ಹಿಡಿಯುವುದು. ಗುಂಡಿನ ಕೆಲಸ ಭಾರ ಹೊರುವುದು. ಬೇರಿಂಗ್ ಎಂದರೆ ಇಷ್ಟೇ. ಸೈಕಲ್ ಚಕ್ರದಲ್ಲಿರುವಂತೆ ಗುಂಡುಗಳ ಸಾಲಿಲ್ಲ, ಬಳೆಯಿಲ್ಲ. ಗುಂಡುಗಳು ಹೆಚ್ಚಿದಷ್ಟೂ ಉರುಳುವ ಸದ್ದು ಹೆಚ್ಚು ಎಂಬ ಕಾರಣಕ್ಕೆ ತಯಾರಕರು ಅವನ್ನು ದೂರವಿಟ್ಟಿದ್ದಾರೆ.

ಆ ಒಂಟಿ ಗುಂಡಿನ ಪಾಡು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಒಳ್ಳೆಯ ತಟ್ಟೆಗಳ ತೂಕ ನಾಲ್ಕು ಕಿಲೋ ಆಸುಪಾಸು. ಸ್ವಿಟ್ಜರ್ಲೆಂಡಿನಲ್ಲಿ 1957ರಲ್ಲಿ ಬಂದ ಥೊರೆನ್ಸ್ ಟಿಡಿ 124ರ ಬೀಡುಕಬ್ಬಿಣದ ತಟ್ಟೆ ನಾಲ್ಕೂವರೆ ಕಿಲೋ ತೂಗುತ್ತಿತ್ತು. ಆರು ಮಿಲಿಮೀಟರಿನ ಉಕ್ಕಿನ ಗುಂಡು ನಾಲ್ಕು ಕಿಲೋ ಹೊತ್ತು ಸಪಾಟು ಉಕ್ಕಿನ ಮೇಲೆ ಕೂತಾಗ ಎರಡೂ ತಾಕುವ ವೃತ್ತದ ಅಗಲ 0.2 ಮಿಲಿಮೀಟರ್ ಕೂಡ ಇರುವುದಿಲ್ಲ. ಎಲ್ಲ ಭಾರವೂ ಆ ಚುಕ್ಕೆಯ ಮೇಲೆ. ಒತ್ತಡ ಚದರ ಸೆಂಟಿಮೀಟರಿಗೆ ಹದಿನೈದು ಟನ್ನಿನಷ್ಟು. ಉಕ್ಕು ತಡೆಯುತ್ತದೆ, ಮೆತ್ತನೆಯ ಪ್ಲಾಸ್ಟಿಕ್ ಬಿಲ್ಲೆ ನಿಧಾನವಾಗಿ ಕುಳಿಬೀಳುತ್ತದೆ.

ಇನ್ನೊಂದು ಕಷ್ಟವೂ ಇದೆ. ಎಂಜಿನ್ನಿನಂಥ ಕಡೆ ಕಡ್ಡಿ ಭರದಿಂದ ತಿರುಗುವಾಗ ಎಣ್ಣೆಯನ್ನು ತನ್ನ ಜೊತೆಗೇ ಎಳೆದುಕೊಂಡು, ಲೋಹಕ್ಕೆ ಲೋಹ ತಾಕದಂತೆ ನಡುವೆ ಎಣ್ಣೆಯ ಪದರ ಕಟ್ಟುತ್ತದೆ. ಟರ್ನ್‌ಟೇಬಲ್ಲಿನ ಹತ್ತು ಮಿಲಿಮೀಟರ್ ಕಡ್ಡಿಯ ಮೈ ಸೆಕೆಂಡಿಗೆ ಎರಡು ಸೆಂಟಿಮೀಟರ್ ಕೂಡ ಸರಿಯುವುದಿಲ್ಲ. ಆ ಆಮೆವೇಗಕ್ಕೆ ಪದರ ಪೂರ್ತಿ ಕಟ್ಟುವುದು ಕಷ್ಟ. ಲೋಹಗಳು ಅಲ್ಲಲ್ಲಿ ಪಿಸುಗುಟ್ಟುತ್ತಲೇ ಇರುತ್ತವೆ. ಆದ್ದರಿಂದ ಇಲ್ಲಿ ನಿಧಾನವೇ ತೊಂದರೆ. ಗಡಸು ಲೋಹ, ನುಣುಪಾದ ಮೈ, ಹದವಾದ ಎಣ್ಣೆ ಮೂರೂ ಕೂಡಿಬಂದರೆ ಮಾತ್ರ ಪಿಸುಮಾತು ಅಡಗುತ್ತದೆ.

ಅಡಗದಿದ್ದರೆ ಸೂಜಿ ಅದನ್ನು ಕೇಳಿಸಿಕೊಳ್ಳುತ್ತದೆ. ರೆಕಾರ್ಡಿನ ಗೀರಿನಲ್ಲಿ ಕೊರೆದಿರುವ ಅತಿ ಸಣ್ಣ ಏರಿಳಿತಗಳು ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಕಡಿಮೆ. ಅಷ್ಟನ್ನು ಓದುವ ಸೂಜಿಗೆ ಇದು ಗಾಯಕರ ಉಸಿರು, ಇದು ಬೇರಿಂಗಿನ ಗೊರಗೊರ ಎಂಬ ಭೇದ ತಿಳಿಯದು. ಎರಡನ್ನೂ ಸಮಭಾವದಿಂದ ಮೇಲಕ್ಕೆ ಕಳಿಸುತ್ತದೆ. ಅಲ್ಲಿಂದ ಮುಂದಿನದು ಇನ್ನೂ ಅನ್ಯಾಯ. ರೆಕಾರ್ಡು ಕೊರೆಯುವಾಗ ಜಾಗ ಉಳಿಸಲೆಂದು ಮಂದ್ರದ ಸದ್ದನ್ನು ಕುಗ್ಗಿಸಿ ಕೊರೆಯುತ್ತಾರೆ. ನುಡಿಸುವಾಗ ಆಂಪ್ಲಿಫೈಯರ್ ಅದನ್ನು ಮತ್ತೆ ಹಿಗ್ಗಿಸುತ್ತದೆ. 1954ರಿಂದ ಜಾರಿಯಲ್ಲಿರುವ ಆರ್‌ಐಎಎ ಎಂಬ ಈ ಕಟ್ಟಳೆಯ ಪ್ರಕಾರ 20 ಹರ್ಟ್ಸ್‌ನ ಸದ್ದು 1,000 ಹರ್ಟ್ಸ್‌ನ ಸದ್ದಿಗಿಂತ ಒಂಬತ್ತು ಪಟ್ಟು ಹೆಚ್ಚು ಹಿಗ್ಗುತ್ತದೆ. ಬೇರಿಂಗಿನ ಗೊರಗೊರ ಬರುವುದು ಈ ತಳಮಟ್ಟದಲ್ಲೇ. ಕಳ್ಳನನ್ನು ಕರೆದು ಮಣೆ ಹಾಕಿದಂತಾಯಿತು.

ಮೊದಲು ಇದು ಇಷ್ಟು ಬಾಧಿಸುತ್ತಿರಲಿಲ್ಲ. ಮೋನೋ ರೆಕಾರ್ಡಿನ ಸೂಜಿ ಓದುತ್ತಿದ್ದುದು ಎಡಬಲದ ಅಲುಗಾಟವನ್ನು. ಮೇಲೆ ಕೆಳಗೆ ಕುಣಿದರೆ ಅದಕ್ಕೆ ಹೆಚ್ಚು ಲೆಕ್ಕವಿರಲಿಲ್ಲ. 1958ರಲ್ಲಿ ಸ್ಟೀರಿಯೋ ಎಲ್‌ಪಿಗಳು ಮಾರುಕಟ್ಟೆಗೆ ಬಂದವು. ಸ್ಟೀರಿಯೋ ಸೂಜಿ ಮೇಲುಕೆಳಗಿನ ಕುಣಿತವನ್ನೂ ಓದಲೇಬೇಕು. ಬಾವಿಯ ತಳದಲ್ಲಿ ಗುಂಡು ಬಿಲ್ಲೆಯ ಮೇಲೆ ಉಜ್ಜುವ ಸದ್ದು ನೇರ ಮೇಲಕ್ಕೇರುವ ಸದ್ದು. ಅಲ್ಲಿಯವರೆಗೆ ಮುಚ್ಚಿಹೋಗಿದ್ದ ಬೇರಿಂಗಿನ ಗುಟ್ಟು ಸ್ಟೀರಿಯೋ ಬಂದ ದಿನವೇ ರಟ್ಟಾಯಿತು.

ಆ ಗುಟ್ಟನ್ನು ವ್ಯಾಪಾರವಾಗಿಸಿದವರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದವರು ಮುಂದು. ಜ್ಯಾಕ್ ಟೀಫೆನ್‌ಬ್ರನ್ ಅವರ ಕ್ಯಾಸಲ್ ಪ್ರಿಸಿಷನ್ ಎಂಜಿನಿಯರಿಂಗ್ ಅಲ್ಲಿ ಸೂಕ್ಷ್ಮ ಬಿಡಿಭಾಗಗಳನ್ನು ಕಡೆದುಕೊಡುವ ಕಾರ್ಖಾನೆ. ಮಗ ಐವರ್‌ಗೆ ಸಂಗೀತ ಕೇಳುವ ಹುಚ್ಚು. ಲೇತಿನ ಮೇಲೆ ಮಿಲಿಮೀಟರಿನ ಸಾವಿರದ ಪಾಲುಗಳಲ್ಲಿ ಮಾತಾಡುವ ಮನೆಯಲ್ಲಿ ಬೆಳೆದವರಿಗೆ ಟರ್ನ್‌ಟೇಬಲ್ ಒಂದು ಪೀಠೋಪಕರಣದಂತೆ ಕಾಣದೆ ಯಂತ್ರದಂತೆ ಕಂಡದ್ದು ಸಹಜ. 1973ರಲ್ಲಿ ಅವರು ಕಟ್ಟಿದ ಲಿನ್ ಕಂಪನಿಯ ಸೊಂಡೆಕ್ ಎಲ್‌ಪಿ12 ಇಂದಿಗೂ ತಯಾರಾಗುತ್ತಿದೆ. ಎರಡು ಭಾಗವಾಗಿ ಬಿಚ್ಚುವ ತಟ್ಟೆ, ಮೂರು ಸ್ಪ್ರಿಂಗುಗಳಿಂದ ತೂಗುಬಿದ್ದ ಒಳಚೌಕಟ್ಟು, ಚೌಕಟ್ಟಿನ ನಡುವೆ ಎಣ್ಣೆಯ ಬಾವಿಯಲ್ಲಿ ಒಂದೇ ಮೊನೆಯ ಮೇಲೆ ನಿಂತ ಕಡ್ಡಿ. ತೂಗುವ ಚೌಕಟ್ಟಿನ ಕಲ್ಪನೆ ಅವರದೇ ಅಲ್ಲ. ಅಮೆರಿಕದ ಎಡ್ಗರ್ ವಿಲ್ಚರ್ 1961ರಲ್ಲೇ ಅಕೂಸ್ಟಿಕ್ ರಿಸರ್ಚ್ ಟರ್ನ್‌ಟೇಬಲ್ಲಿನಲ್ಲಿ ಅದನ್ನು ಮಾಡಿ ತೋರಿಸಿದ್ದರು. ಗ್ಲಾಸ್ಗೋದವರು ಸೇರಿಸಿದ್ದು ಬಿಗಿಯನ್ನು.

ಬಿಗಿಯ ಜೊತೆಗೆ ಒಂದು ಸಿದ್ಧಾಂತವನ್ನೂ ಸೇರಿಸಿದರು. ಆ ಕಾಲದಲ್ಲಿ ಜನ ಸ್ಪೀಕರಿಗೆ ಹಣ ಸುರಿದು, ಟರ್ನ್‌ಟೇಬಲ್ ತಿರುಗಿದರೆ ಸಾಕು ಎಂದುಕೊಂಡಿದ್ದರು. ಐವರ್ ಅದನ್ನು ಮಗುಚಿದರು: ಗೀರಿನಿಂದ ಮೇಲೆತ್ತುವಾಗ ಕಳೆದುಹೋದದ್ದನ್ನು ಯಾವ ಆಂಪ್ಲಿಫೈಯರೂ ಯಾವ ಸ್ಪೀಕರೂ ವಾಪಸು ತರಲಾರವು, ಆದ್ದರಿಂದ ಮೊದಲ ಖರ್ಚು ಮೂಲದ ಮೇಲೆ. ಕೇಳುವವರ ಪರೀಕ್ಷೆಗೂ ಲಿನ್ ಒಂದು ಸರಳ ಉಪಾಯ ಹೇಳಿಕೊಟ್ಟಿತು. ಎರಡು ಯಂತ್ರಗಳಲ್ಲಿ ಯಾವುದು ಮೇಲು ಎಂದು ತಿಳಿಯಲು ತಾರಕ ಹೇಗಿದೆ, ಮಂದ್ರ ಹೇಗಿದೆ ಎಂದು ಬಿಡಿಬಿಡಿಯಾಗಿ ಅಳೆಯಬೇಡಿ. ಯಾವುದರ ಜೊತೆ ಧಾಟಿಯನ್ನು ಗುನುಗುವುದು ಸುಲಭವಾಗುತ್ತದೋ ಅದೇ ಮೇಲು. ತೊಡೆಯ ಮೇಲೆ ತಾಳ ಹಾಕಿಕೊಂಡೇ ಕಛೇರಿ ಕೇಳುವ ನಮ್ಮ ರಸಿಕರಿಗೆ ಇದರಲ್ಲಿ ಹೊಸತೇನೂ ಕಾಣಲಾರದು.

ಮೂಲವೇ ಮುಖ್ಯ ಎಂದು ನಂಬಿಸಿದ ಮೇಲೆ ಮೂಲವನ್ನು ಸುಧಾರಿಸುತ್ತಲೇ ಇರಬೇಕಲ್ಲ! 1993ರಲ್ಲಿ ಲಿನ್ ಸರ್ಕಸ್ ಎಂಬ ಹೊಸ ಬೇರಿಂಗ್ ತಂದಿತು. ಹಳೆಯ ಎಲ್‌ಪಿ12 ಇದ್ದವರು ಅದನ್ನು ಹಾಕಿಸಿಕೊಂಡರು. 2020ರಲ್ಲಿ ಕರೌಸೆಲ್ ಬಂತು. ವಜ್ರದ ಗಡಸುತನಕ್ಕೆ ಸಮೀಪಿಸುವ ಇಂಗಾಲದ ಲೇಪ, ಚೌಕಟ್ಟಿಗೆ ಬಿಗಿಯಲು ಒಂದು ದೊಡ್ಡ ನಟ್ಟು. ಸರ್ಕಸ್ ಹಾಕಿಸಿದ್ದವರು ಕರೌಸೆಲ್ ಹಾಕಿಸಿಕೊಂಡರು. ಮೋಟಾರು, ವಿದ್ಯುತ್ ಪೂರೈಕೆ, ಸೂಜಿ ಹಿಡಿಯುವ ತೋಳು, ಚೌಕಟ್ಟು ಎಲ್ಲವೂ ಹೀಗೆ ಸರದಿಯಂತೆ ಬದಲಾಗುತ್ತ ಬಂದು, ಕೆಲವರ ಬಳಿ ಎಪ್ಪತ್ತರ ದಶಕದ ಯಂತ್ರದ್ದು ಮರದ ಪೆಟ್ಟಿಗೆ ಮಾತ್ರ ಉಳಿದಿದೆ. ಆದರೂ ಅವರ ಮಾತಿನಲ್ಲಿ ಅದು ‘ಅದೇ ಲಿನ್’. ನಗಬಹುದು. ಆದರೆ ಐವತ್ತು ವರ್ಷ ಹಳೆಯ ಯಂತ್ರಕ್ಕೆ ಹೊಚ್ಚಹೊಸ ಬೇರಿಂಗ್ ಹೊಂದುವಂತೆ ಅಳತೆ ಉಳಿಸಿಕೊಂಡ ಕಂಪನಿಗಳು ಎಷ್ಟಿವೆ? ಮೂರು ವರ್ಷದ ಮೊಬೈಲಿಗೆ ಬ್ಯಾಟರಿ ಸಿಗದ ಕಾಲದಲ್ಲಿ ಇದನ್ನು ಬರಿಯ ವ್ಯಾಪಾರದ ಜಾಣತನ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಇಂಗ್ಲೆಂಡಿನ ಸ್ವಿಂಡನ್ ಊರಿನ ಕಥೆ ಬೇರೆ ಜಾಯಮಾನದ್ದು. ಅರಮನೆಗೆ ಒಡವೆ ಮಾಡಿಕೊಡುತ್ತಿದ್ದ ಗ್ಯಾರಾರ್ಡ್ ಮನೆತನದವರು 1915ರಲ್ಲಿ, ಯುದ್ಧದ ಕಾಲದ ಸೂಕ್ಷ್ಮ ಉಪಕರಣಗಳಿಗಾಗಿ ತೆರೆದ ಎಂಜಿನಿಯರಿಂಗ್ ಕಂಪನಿ ಮುಂದೆ ಗ್ರಾಮಫೋನ್ ಮೋಟಾರಿನತ್ತ ಹೊರಳಿತು. 1954ರ ಅವರ 301 ಮಾದರಿ ಈಗಲೂ ಸಂಗ್ರಾಹಕರ ಆರಾಧ್ಯದೈವ. ಅದರಲ್ಲಿ ತಟ್ಟೆಯನ್ನು ತಿರುಗಿಸಲು ಬೆಲ್ಟಿಲ್ಲ; ಮೋಟಾರಿನ ತಿರುಗಾಟವನ್ನು ಒಂದು ರಬ್ಬರ್ ಗಾಲಿ ತಟ್ಟೆಯ ಅಂಚಿಗೆ ದಾಟಿಸುತ್ತದೆ. ಮೊದಮೊದಲ 301ಗಳ ಬೇರಿಂಗಿಗೆ ಗ್ರೀಸ್, ಆಮೇಲಿನವಕ್ಕೆ ಎಣ್ಣೆ. ಗ್ರೀಸಿನ ಬೇರಿಂಗಿನಲ್ಲಿ ಒಂದು ಮುಚ್ಚಳವಿದೆ. ಆಗೀಗ ಅದನ್ನು ಒಂದಿಷ್ಟು ತಿರುಗಿಸಿದರೆ ಹೊಸ ಗ್ರೀಸ್ ಒಳಕ್ಕೆ ಸರಿಯುತ್ತದೆ. ಕಾರ್ಖಾನೆ ತಾನೇ ಗ್ರೀಸ್ ಬಿಟ್ಟು ಎಣ್ಣೆ ಹಿಡಿದ ಮೇಲೆ ವಾದ ಮುಗಿಯಬೇಕಿತ್ತು. ಮುಗಿಯಲಿಲ್ಲ. ಗ್ರೀಸಿನ 301ರ ನಾದಕ್ಕೆ ಮೈಕಟ್ಟು ಹೆಚ್ಚು ಎನ್ನುವವರೂ ಎಣ್ಣೆಯ 301ರ ನಾದ ತಿಳಿ ಎನ್ನುವವರೂ ಇಂದಿಗೂ ದ್ವೈತಾದ್ವೈತಗಳ ಹಟದಿಂದ ಕಾದಾಡುತ್ತಾರೆ, ಪೇಟೆಯಲ್ಲಿ ಎರಡಕ್ಕೂ ಬೆಲೆ ಏರುತ್ತಲೇ ಇದೆ.

ಈ ಸ್ವಿಂಡನ್ ಕಥೆಗೆ ಈಗ ಒಂದು ಭಾರತದ ಕೊಂಡಿಯೂ ಉಂಟು. ಪುಣೆಯ ಉದ್ಯಮಿ, ಕ್ರಿಕೆಟ್ ಮಂಡಳಿಯ ಕಾರ್ಯದರ್ಶಿಯಾಗಿದ್ದ ಅಜಯ್ ಶಿರ್ಕೆ ಅವರ ಕೇಡೆನ್ಸ್ ಸಮೂಹ 2016ರಲ್ಲಿ ಟರ್ನ್‌ಟೇಬಲ್ ತಯಾರಿಸುವ ಇಂಗ್ಲೆಂಡಿನ ಎಸ್‌ಎಂಇ ಕಂಪನಿಯನ್ನು ಕೊಂಡಿತು. 2018ರಲ್ಲಿ ಗ್ಯಾರಾರ್ಡ್ ಹೆಸರೂ ಅದೇ ಸಮೂಹಕ್ಕೆ ಸೇರಿತು. ಹಳೆಯ 301ಗಳನ್ನು ಬಿಚ್ಚಿ, ಬೇರಿಂಗು ಸಮೇತ ಹೊಸದಾಗಿಸಿ ಮಾರುವ ಕೆಲಸ ಎಸ್‌ಎಂಇ ಕಾರ್ಖಾನೆಯಲ್ಲಿ ನಡೆದಿದೆ.

ಬೇರಿಂಗನ್ನು ತಲೆಕೆಳಗು ಮಾಡಿದವರೂ ಇದ್ದಾರೆ. ಇಂಗ್ಲೆಂಡಿನ ಮಿಷೆಲ್ ಗೈರೋಡೆಕ್‌ನಲ್ಲಿ ಕಡ್ಡಿ ಕೆಳಗೆ ಗಟ್ಟಿಯಾಗಿ ನಿಂತಿರುತ್ತದೆ, ತಟ್ಟೆಗೆ ಅಂಟಿದ ಬುಷ್ ಟೋಪಿಯಂತೆ ಮೇಲಿನಿಂದ ಕೂರುತ್ತದೆ. ಭಾರ ಹೊರುವ ಗುಂಡು ತಟ್ಟೆಯ ಮಟ್ಟಕ್ಕೇ ಏರಿದ್ದರಿಂದ ತಟ್ಟೆ ವಾಲುವುದು ಕಡಿಮೆ. ಆದರೆ ಎಣ್ಣೆ ಕೆಳಗಿಳಿಯುತ್ತದೆ, ಗುಂಡು ಮೇಲಿದೆ! ಅದಕ್ಕೆಂದೇ ಸುರುಳಿಯಾಕಾರದ ಗೀರು ಕೊರೆದು, ತಟ್ಟೆ ತಿರುಗಿದಂತೆಲ್ಲ ಎಣ್ಣೆ ತಾನೇ ಮೇಲೇರುವಂತೆ ಮಾಡಿದ್ದಾರೆ. ಜರ್ಮನಿಯ ಕ್ಲಿಯರಾಡಿಯೋ ಎದುರುಬದುರು ಅಯಸ್ಕಾಂತಗಳನ್ನಿಟ್ಟು ತಟ್ಟೆಯನ್ನು ಗಾಳಿಯಲ್ಲೇ ತೇಲಿಸಿ ಗುಂಡನ್ನೇ ಕೈಬಿಟ್ಟಿತು. ಇಂಗ್ಲೆಂಡಿನ ರೇಗಾ ಮಾತ್ರ ಹಗುರವೇ ಲೇಸು ಎಂದು ಈ ತೂಕದ ಪೈಪೋಟಿಯಿಂದ ಮೊದಲಿನಿಂದಲೂ ಹೊರಗುಳಿದಿದೆ.

ಈ ಎಲ್ಲ ತಲೆಬಿಸಿಯ ನಡುವೆ ಜಪಾನಿನ ಟೆಕ್ನಿಕ್ಸ್ ತಣ್ಣಗಿದೆ. 1970ರಲ್ಲಿ ಎಸ್‌ಪಿ-10 ಮೂಲಕ ಮೋಟಾರಿನ ಕಡ್ಡಿಯನ್ನೇ ತಟ್ಟೆಯ ಕಡ್ಡಿಯಾಗಿಸಿದ ಕಂಪನಿ ಅದು. 1979ರ ಎಸ್‌ಎಲ್-1200 ಎಂಕೆ2, ಡಿಜೆಗಳು ಹಿಂದಕ್ಕೂ ಮುಂದಕ್ಕೂ ಎಳೆದಾಡಿ ನಡೆಸಿಕೊಂಡ ಗಟ್ಟಿ ಪಿಂಡ. ಅದರ ಕೈಪಿಡಿ ಬೇರಿಂಗಿನ ಬಗ್ಗೆ ಹೇಳುವುದು ಇಷ್ಟೇ: 2,000 ಗಂಟೆ ಓಡಿದ ಮೇಲೆ ಎರಡು ಮೂರು ಹನಿ ಎಣ್ಣೆ. ದಿನಕ್ಕೊಂದು ಗಂಟೆ ಕೇಳುವವರ ಮನೆಯಲ್ಲಿ ಐದೂವರೆ ವರ್ಷಕ್ಕೊಮ್ಮೆ. ಅಷ್ಟರಲ್ಲಿ ತಟ್ಟೆ 40 ಲಕ್ಷ ಸುತ್ತು ಹಾಕಿರುತ್ತದೆ. ಗೊರಗೊರ ಸಂಗೀತಕ್ಕಿಂತ 78 ಡೆಸಿಬೆಲ್ ಕೆಳಗೆ ಎಂದು ಅದರ ಅಳತೆಪಟ್ಟಿ ಹೇಳುತ್ತದೆ. ಎಂಟು ಸಾವಿರದ ಒಂದು ಪಾಲು. ಅಷ್ಟು ಕೆಳಗಿನ ಸದ್ದು ರೆಕಾರ್ಡಿನ ಸ್ವಂತ ಸರಸರದಲ್ಲೇ ಮುಳುಗಿಹೋಗುತ್ತದೆ.

ಹಾಗಾದರೆ ಯಂತ್ರಗಳ ಬೇರಿಂಗ್ ಕೆಡುವುದು ಏತರಿಂದ? ಓಡಿ ಸವೆದದ್ದು ಕಡಿಮೆ. ಒಣಗಿ ಕೆಟ್ಟದ್ದು, ದೂಳು ಬಿದ್ದು ಕೆಟ್ಟದ್ದು, ಬೆಲ್ಟನ್ನು ಅತಿಯಾಗಿ ಬಿಗಿದು ಬುಷ್ ಒಂದೇ ಮಗ್ಗುಲಿಗೆ ಸವೆದದ್ದು, ಮನೆ ಬದಲಿಸುವಾಗ ತಟ್ಟೆ ತೆಗೆಯದೆ ಲಾರಿಗೇರಿಸಿ ಬಿಲ್ಲೆಗೆ ಗುಂಡು ಬಡಿದು ಕುಳಿಬಿದ್ದದ್ದು, ಇವೇ ಹೆಚ್ಚು. ಎಲ್ಲಕ್ಕಿಂತ ಹೆಚ್ಚು, ಮನೆಯಲ್ಲಿ ಕೈಗೆ ಸಿಕ್ಕ ಎಣ್ಣೆ ಬಿಟ್ಟದ್ದು.

ಕೈಗೆ ಸಿಗುವ ಎಣ್ಣೆಗಳಲ್ಲಿ ಮೊದಲನೆಯದು ಕೊಬ್ಬರಿ ಎಣ್ಣೆ. ಬಾಗಿಲ ಕೀಲಿನಿಂದ ತಲೆಗೂದಲಿನವರೆಗೆ ಎಲ್ಲಕ್ಕೂ ಅದೇ ಮದ್ದು ಎಂದು ನಂಬಿದ ಮನೆಗಳಲ್ಲಿ ರೆಕಾರ್ಡ್ ಪ್ಲೇಯರಿಗೂ ಅದರ ಅಭ್ಯಂಜನ ಆಗಿರುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಬೆಳಗ್ಗೆ ಭಕ್ತಿಗೀತೆ ಎಳೆದೆಳೆದು ಕೇಳಿಸಿದರೆ ಗಾಯಕರನ್ನು ದೂರಬಾರದು. ಎರಡನೆಯದು ಡಬ್ಲ್ಯೂಡಿ-40. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ 1953ರಲ್ಲಿ ರಾಕೆಟ್ ಕೆಮಿಕಲ್ ಕಂಪನಿ ತೇವ ಓಡಿಸಲೆಂದು ಮಾಡಿದ ದ್ರವ ಅದು. ಹೆಸರಿನಲ್ಲಿರುವ 40, ನಲವತ್ತನೇ ಪ್ರಯತ್ನ ಫಲಿಸಿತು ಎಂಬುದರ ಗುರುತು. ಅಟ್ಲಾಸ್ ಕ್ಷಿಪಣಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೊದಲ ಕೆಲಸವಾಗಿತ್ತು. ತುಕ್ಕು ಹಿಡಿದ ಬೋಲ್ಟು ಬಿಚ್ಚಲು ಅದು ದಿವ್ಯ. ಬೇರಿಂಗಿಗೆ ಬಿಟ್ಟರೆ ಒಳಗಿದ್ದ ಒಳ್ಳೆಯ ಎಣ್ಣೆಯನ್ನೂ ತೊಳೆದು, ತಾನೂ ಆರಿಹೋಗಿ, ಕಡ್ಡಿಯನ್ನು ಬರಿಮೈಯಲ್ಲಿ ನಿಲ್ಲಿಸುತ್ತದೆ. ಕಾರಿನ ಎಂಜಿನ್ ಆಯಿಲ್ಲಿನಲ್ಲಿ ಕೊಳೆಯನ್ನು ತೇಲಿಸಿಡುವ ಮದ್ದು ಬೆರೆತಿರುತ್ತದೆ; ಕಾರಿನಲ್ಲಿ ಆ ಕೊಳೆಯನ್ನು ಸೋಸಲು ಫಿಲ್ಟರ್ ಉಂಟು, ಬಾವಿಯಲ್ಲಿ ಯಾವ ಫಿಲ್ಟರಿದೆ? ಗೇರ್ ಬಾಕ್ಸಿನ ಕೆಲವು ಎಣ್ಣೆಗಳಲ್ಲಿರುವ ಗಂಧಕದ ಮದ್ದು ಕಂಚನ್ನೇ ತಿನ್ನುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಪರವಾಗಿಲ್ಲ, ಆದರೆ ಭಾರದ ತಟ್ಟೆಗೆ ತೆಳುವಾಯಿತು. ಯಂತ್ರದ ತಯಾರಕರು ಹೇಳಿದ ಎಣ್ಣೆಯೇ ಸಿಕ್ಕರೆ ಚರ್ಚೆಯೇ ಬೇಡ.

ಬುಷ್ ಎಂಥದೆಂದು ತಿಳಿಯದೆ ತೊಳೆಯಲು ಹೋಗುವುದೂ ಅಪಾಯ. ಅನೇಕ ಟರ್ನ್‌ಟೇಬಲ್ಲುಗಳ ಬುಷ್ ಗಟ್ಟಿ ಲೋಹದ್ದಲ್ಲ. ಕಂಚಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಕಾಯಿಸಿ ಮಾಡಿದ್ದು. ಅದರ ಮೈಯಲ್ಲಿ ಐದನೇ ಒಂದು ಪಾಲು ಬರಿಯ ರಂಧ್ರಗಳು, ರಂಧ್ರಗಳ ತುಂಬ ಕಾರ್ಖಾನೆಯಲ್ಲೇ ಕುಡಿಸಿದ ಎಣ್ಣೆ. ಕಡ್ಡಿ ತಿರುಗಿ ಬೆಚ್ಚಗಾದಾಗ ಎಣ್ಣೆ ಹೊರಗೆ ಒಸರುತ್ತದೆ, ನಿಂತಾಗ ಮತ್ತೆ ಒಳಗೆ ಸೇರುತ್ತದೆ. ಶುಚಿಯ ಹುಮ್ಮಸ್ಸಿನಲ್ಲಿ ಇದನ್ನು ಪೆಟ್ರೋಲಿನಲ್ಲೋ ಅಸಿಟೋನಿನಲ್ಲೋ ನೆನೆಹಾಕಿದರೆ ಜೀವಮಾನಕ್ಕಾಗುವಷ್ಟು ಎಣ್ಣೆ ಒಂದು ಮಧ್ಯಾಹ್ನದಲ್ಲಿ ಕರಗಿಹೋಗುತ್ತದೆ. ಬಿಸಿ ಎಣ್ಣೆಯಲ್ಲಿ ಮುಳುಗಿಸಿಟ್ಟು ಮತ್ತೆ ಕುಡಿಸುವ ವಿದ್ಯೆ ಬಲ್ಲ ಫಿಟರುಗಳಿದ್ದಾರೆ. ಆದರೆ ಆ ಪ್ರಸಂಗ ಬರದಂತೆ ನೋಡಿಕೊಳ್ಳುವುದು ಮೇಲು. ಇಂಥ ಬುಷ್ಷನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಆರೈಕೆಯೇನೂ ಬ್ರಹ್ಮವಿದ್ಯೆಯಲ್ಲ. ತೋಳನ್ನು ಕಟ್ಟಿಹಾಕಿ, ಬೆಲ್ಟ್ ಬಿಡಿಸಿ, ತಟ್ಟೆ ಎತ್ತಬೇಕು. ಎತ್ತುವ ಮೊದಲು ಅಂಚು ಹಿಡಿದು ಮೆಲ್ಲಗೆ ಅತ್ತಿತ್ತ ಒತ್ತಿ ನೋಡಿದರೆ ‘ಶೇಕ್’ ಇದೆಯೇ ಎಂಬುದು ಬೆರಳಿಗೇ ತಿಳಿಯುತ್ತದೆ. ಕಡ್ಡಿಯನ್ನು ನೇರವಾಗಿ ಮೇಲಕ್ಕೆಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಬೇಕು. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ. ಅದರ ಎಳೆಗಳು ಬಾವಿಯಲ್ಲೇ ಉಳಿಯುತ್ತವೆ. ಬಟ್ಟೆಗೆ ಹತ್ತಿದ ಎಣ್ಣೆಯನ್ನು ಬೆಳಕಿಗೆ ಹಿಡಿದರೆ ಅರ್ಧ ಜಾತಕ ಅಲ್ಲೇ ಇರುತ್ತದೆ. ಜೇನಿನ ಬಣ್ಣವಿದ್ದರೆ ಒಳ್ಳೆಯದು. ಬೂದುಬಣ್ಣದಲ್ಲಿ ಮಿರಿಮಿರಿ ಕಣಗಳು ಹೊಳೆದರೆ ಲೋಹ ಸವೆಯುತ್ತಿದೆ. ಆದರೆ ಕೆಲವು ತಯಾರಕರ ಎಣ್ಣೆಯೇ ಕಪ್ಪು. ಹಳೆಯ ಲಿನ್ ಬಿಚ್ಚಿದವರು ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಆಮೇಲೆ ಗುಂಡು. ಭೂತಗನ್ನಡಿಯಲ್ಲಿ ನೋಡಿದಾಗ ಅದರ ಮೇಲೆ ಸಪಾಟಾದ ಒಂದು ಚುಕ್ಕೆ ಕಂಡರೆ ಬದಲಿಸುವ ಕಾಲ. ಈ ಇಡೀ ವ್ಯವಹಾರದಲ್ಲಿ ಬೆರಗಿನ ಸಂಗತಿ ಇದೊಂದೇ: ಬೇರಿಂಗ್ ಅಂಗಡಿಗಳಲ್ಲಿ ಜಿ10 ದರ್ಜೆ ಎಂದು ಕೇಳಿ ತರುವ ಉಕ್ಕಿನ ಗುಂಡಿನ ದುಂಡುತನದಲ್ಲಿ ತಪ್ಪು ಇರಬಹುದಾದ್ದು ಹೆಚ್ಚೆಂದರೆ ಕಾಲು ಮೈಕ್ರಾನ್. ಟರ್ನ್‌ಟೇಬಲ್ಲಿನ ಇನ್ನಾವ ಭಾಗವೂ ಇಷ್ಟು ಕರಾರುವಾಕ್ಕಾಗಿ ಇರಲಾರದು, ಬೆಲೆಯೋ ಕೆಲವೇ ರೂಪಾಯಿ. ಸಾವಿರಾರು ರೂಪಾಯಿಗೆ ಮಾರುವ ‘ಅಪ್‌ಗ್ರೇಡ್ ಕಿಟ್’ಗಳಲ್ಲಿ ಬರುವುದು ಅನೇಕ ಸಲ ಇಂಥದೇ ಗುಂಡು, ಉಕ್ಕಿನ ಬದಲು ಪಿಂಗಾಣಿಯ ಜಾತಿಯದು, ಜೊತೆಗೊಂದು ಗಡಸು ಬಿಲ್ಲೆ, ಚೆಂದದ ಡಬ್ಬಿ. ಪಿಂಗಾಣಿ ಗುಂಡು ಉಕ್ಕಿಗಿಂತ ಗಡಸು, ತುಕ್ಕು ಹಿಡಿಯದು. ಮಂಗಳೂರು ಕಾರವಾರಗಳ ಉಪ್ಪುಗಾಳಿಗೆ ಅದು ನಿಜಕ್ಕೂ ಲಾಭ. ಆದರೆ ಗಡಸು ಗುಂಡನ್ನು ಹಳೆಯ ಮೆತ್ತನೆಯ ಬಿಲ್ಲೆಯ ಮೇಲೆ ಕೂರಿಸಿದರೆ ಬಿಲ್ಲೆ ಬೇಗ ತೂತಾಗುತ್ತದೆ. ಎರಡನ್ನೂ ಕೂಡಿಯೇ ಬದಲಿಸಬೇಕು. ಬಿಲ್ಲೆಯಲ್ಲಿ ಕುಳಿ ಬಿದ್ದಿದ್ದರೆ ಮಗುಚಿ ಹಾಕಿ ಇನ್ನೊಂದು ಮೈ ಬಳಸುವುದು ಹಳೆಯ ಮೆಕ್ಯಾನಿಕ್ಕುಗಳ ಬಿಟ್ಟಿ ಅಪ್‌ಗ್ರೇಡ್.

ಎಣ್ಣೆ ಬಿಟ್ಟು ಕಡ್ಡಿ ಇಳಿಸುವಾಗ ಅವಸರ ಕೂಡದು. ಬುಷ್ಷಿಗೂ ಕಡ್ಡಿಗೂ ನಡುವೆ ಇರುವ ಸಂದು ಮಿಲಿಮೀಟರಿನ ನೂರರ ಒಂದೆರಡು ಪಾಲು. ಒಳಗಿನ ಗಾಳಿಗೆ ಹೊರಬರಲು ದಾರಿ ಅಷ್ಟೇ. ಬೇರಿಂಗ್ ಚೆನ್ನಾಗಿದ್ದರೆ ತಟ್ಟೆ ತಾನಾಗಿ, ಬಲು ನಿಧಾನವಾಗಿ ಇಳಿಯುತ್ತದೆ. ಕೆಲವು ಯಂತ್ರಗಳಲ್ಲಿ ಇದಕ್ಕೆ ಗಂಟೆಗಳೇ ಬೇಕು. ಕೈಯಿಂದ ಒತ್ತಿದರೆ ಎಣ್ಣೆ ಉಕ್ಕಿ ಬೆಲ್ಟಿನ ಮೇಲೆ ಚೆಲ್ಲುತ್ತದೆ, ಆಮೇಲೆ ಬೆಲ್ಟು ಜಾರುತ್ತದೆ. ಟಪ್ಪನೆ ಇಳಿದುಬಿಟ್ಟರೆ ಎರಡೇ ಅರ್ಥ: ಎಣ್ಣೆ ಸಾಲದು, ಇಲ್ಲವೇ ಬುಷ್ ನಿಜವಾಗಿಯೂ ಹೋಗಿದೆ.

ಬೇರಿಂಗಿನ ತಲೆಗೆ ಕಟ್ಟಬಾರದ ತಪ್ಪೂ ಒಂದಿದೆ. ತಂಬೂರಿಯ ಶ್ರುತಿಯ ಮೇಲೆ ನಿಂತ ಸಂಗೀತಕ್ಕೆ ವೇಗದ ಓಲಾಟ ಬಹಳ ಬೇಗ ತಗಲುತ್ತದೆ. ಮಲ್ಲಿಕಾರ್ಜುನ ಮನ್ಸೂರರೋ ಗಂಗೂಬಾಯಿ ಹಾನಗಲ್ಲರೋ ಷಡ್ಜದಲ್ಲಿ ನಿಂತಾಗ ಹಿಂದಿನ ತಂಬೂರಿ ಕೊಂಚ ಮೇಲೆ, ಕೊಂಚ ಕೆಳಗೆ ತೂಗಾಡಿದರೆ ಶ್ರುತಿಜ್ಞಾನವಿದ್ದವರು ಎದ್ದು ಹೋಗುತ್ತಾರೆ. ತಕ್ಷಣ ಎಲ್ಲರೂ ಯಂತ್ರವನ್ನು ಶಂಕಿಸುತ್ತಾರೆ. ಆದರೆ ತೂಗಾಟ 1.8 ಸೆಕೆಂಡಿಗೊಮ್ಮೆ, ಅಂದರೆ ಸುತ್ತಿಗೊಮ್ಮೆ ಬರುತ್ತಿದ್ದರೆ ಮೊದಲು ರೆಕಾರ್ಡಿನ ತೂತನ್ನು ನೋಡಬೇಕು. ತೂತು ನಡುವಿನಿಂದ ಅರ್ಧ ಮಿಲಿಮೀಟರ್ ಸರಿದಿದ್ದರೆ, ಹತ್ತು ಸೆಂಟಿಮೀಟರ್ ತ್ರಿಜ್ಯದ ಗೀರಿನಲ್ಲಿ ವೇಗ ಶೇಕಡಾ 0.5ರಷ್ಟು ಹೆಚ್ಚುಕಡಿಮೆಯಾಗುತ್ತದೆ, ಒಂದು ಅರ್ಧಸ್ವರದ ಹನ್ನೆರಡನೇ ಪಾಲು ಮೇಲಕ್ಕೆ, ಅಷ್ಟೇ ಕೆಳಕ್ಕೆ. ಟೆಕ್ನಿಕ್ಸ್ 1200ರ ಅಳತೆಪಟ್ಟಿಯಲ್ಲಿರುವ ಓಲಾಟ ಶೇಕಡಾ 0.025 ಮಾತ್ರ. ಅಚ್ಚಿನ ತಪ್ಪು ಯಂತ್ರದ ತಪ್ಪಿನ ಇಪ್ಪತ್ತು ಪಟ್ಟು! ಇದಕ್ಕೆ ಗ್ಲಾಸ್ಗೋದಿಂದ ಎಂಥ ಬೇರಿಂಗ್ ತರಿಸಿದರೂ ಪ್ರಯೋಜನವಿಲ್ಲ. ಬೇರೊಂದು ರೆಕಾರ್ಡ್ ಹಾಕಿ ಕೇಳಿದರೆ ಎರಡು ನಿಮಿಷದಲ್ಲಿ ಸತ್ಯ ಹೊರಬೀಳುತ್ತದೆ.

ಹಾಗಾದರೆ ಬೇರಿಂಗ್ ಬದಲಿಸುವುದು ಯಾರಿಗೆ ತಕ್ಕದ್ದು? ಬುಷ್ ಅಂಡಾಕಾರಕ್ಕೆ ಸವೆದು ಶೇಕ್ ಬಂದವರಿಗೆ, ಬೇರೆ ದಾರಿಯೇ ಇಲ್ಲ. ಯಂತ್ರದ ಉಳಿದೆಲ್ಲ ಭಾಗ ಒಳ್ಳೆಯದಿದ್ದು ಬೇರಿಂಗ್ ಮಾತ್ರ ಅಗ್ಗದ್ದಾಗಿದ್ದವರಿಗೆ, ಖಂಡಿತ ಲಾಭವಿದೆ. ಎಲ್‌ಪಿ12ನಂಥ ಯಂತ್ರವಿದ್ದು ಕೈಯಲ್ಲಿ ಹಣವೂ ಇದ್ದವರಿಗೆ, ಅವರ ಸಂತೋಷ. ಮಿಕ್ಕವರು ಹಣ ಕೂಡಿಡುವ ಮೊದಲು ಎಣ್ಣೆ ಬದಲಿಸಿ ಕೇಳುವುದು ಲೇಸು. ಹೊಸ ಬೇರಿಂಗ್ ಹಾಕಿಸಿ ‘ಮುಸುಕು ಸರಿಸಿದಂತಾಯಿತು’ ಎಂದವರಲ್ಲಿ ಎಷ್ಟು ಮಂದಿ ಹೊಸ ಉಕ್ಕನ್ನು ಕೇಳಿದರು, ಎಷ್ಟು ಮಂದಿ ಹೊಸ ಎಣ್ಣೆಯನ್ನು ಕೇಳಿದರು ಎಂದು ಬೇರ್ಪಡಿಸುವುದು ಸಾಧ್ಯವಿಲ್ಲ, ಏಕೆಂದರೆ ಎರಡೂ ಒಂದೇ ದಿನ ಒಳಗೆ ಹೋಗಿರುತ್ತವೆ.

ಮನೆ ಬದಲಿಸುವವರಿಗೆ ಒಂದು ಮಾತು. ಪ್ಲೇಯರನ್ನು ಲಾರಿಗೆ ಕೊಡುವ ಮೊದಲು ತಟ್ಟೆ ತೆಗೆದು ಬೇರೆ ಕಟ್ಟಿ, ಬಾವಿಯ ಎಣ್ಣೆ ಚೆಲ್ಲಿ, ತಳದ ಗುಂಡು ಬಿಡಿಯಾಗಿದ್ದರೆ ಅದನ್ನು ಕಾಗದದಲ್ಲಿ ಸುತ್ತಿ ಹೆಸರು ಬರೆದು ಕೈಚೀಲದಲ್ಲಿಟ್ಟುಕೊಳ್ಳಿ. ಹೊಸ ಮನೆಯಲ್ಲಿ ಗುಂಡು ಸಿಗದಿದ್ದರೆ ಅದಿಲ್ಲದೆ ತಟ್ಟೆ ಇಳಿಸಬೇಡಿ. ಹಳೆಯದರ ಅಳತೆ ಹೇಳಿ ಪೇಟೆಯಿಂದ ಇನ್ನೊಂದು ತನ್ನಿ.